ನಡೆಸಿಕೊಂಡು ಹೋಗುವವರು ಬೇಕಾಗಿದ್ದಾರೆ

ಶಿವಮೊಗ್ಗ

ಭದ್ರಾವತಿಯ ಮಗಳಿಗೆ,

ನಿನ್ನ ಕಾಗದ ತಲುಪಿತು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಗಣಿತದ ಕೊನೆಯ ಸೆಮಿಸ್ಟರ್‌ಗೆ ಬಂದಿದ್ದೀಯ. ಮನೆಯಲ್ಲಿ ಬಿ.ಎಡ್. ಮಾಡಿ ಬೇಗ ಒಂದು ಕೆಲಸ ಹಿಡಿ ಅನ್ನುತ್ತಿದ್ದಾರೆ, ನಿನಗೆ ಸಂಶೋಧನೆಯ ಮೇಲೆ ಆಸೆ. ಅಷ್ಟು ಬರೆದವಳು ಕೊನೆಗೆ, ಸಂಶೋಧನೆ ಅನ್ನುವುದು ಬೆಂಗಳೂರು, ಮುಂಬಯಿ, ಪುಣೆಯವರ ಕಸುಬು, ನಮ್ಮಂಥವರಿಗಲ್ಲ ಎಂದು ಸೇರಿಸಿದ್ದೀಯ. ಈ ಮಾತನ್ನು ನಿನ್ನ ವಯಸ್ಸಿನ ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅವರೂ ಓದಲಿ ಎಂದು ಉತ್ತರವನ್ನು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ಬಿ.ಎಡ್. ವಿಷಯ ಮೊದಲು ಮುಗಿಸಿಬಿಡೋಣ. ಹೈಸ್ಕೂಲಿನಲ್ಲಿ ಗಣಿತ ಚೆನ್ನಾಗಿ ಹೇಳಿಕೊಡುವವರಿಲ್ಲದೆ ಯಾವ ಸಂಶೋಧಕರೂ ಹುಟ್ಟುವುದಿಲ್ಲ. ಮನೆಯ ಪರಿಸ್ಥಿತಿ ಕೇಳಿದರೆ ಧಾರಾಳವಾಗಿ ಮಾಡು, ಅದರಲ್ಲಿ ಕೀಳರಿಮೆ ಬೇಡ. ‘ನಮ್ಮಂಥವರಿಗಲ್ಲ’ ಅನ್ನುವ ಕಾರಣಕ್ಕೆ ಮಾತ್ರ ಮಾಡಬೇಡ. ಅದು ಚರಿತ್ರೆ ಗೊತ್ತಿಲ್ಲದೆ ಆಡುವ ಮಾತು.

1907ರ ಕಥೆ ಕೇಳು. ಆಗ ನಮ್ಮ ದೇಶದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟುವುದಕ್ಕೂ ಇನ್ನೆರಡು ವರ್ಷ ಬಾಕಿ. ಮದ್ರಾಸ್ ಪ್ರಾಂತ್ಯದ ಕಂದಾಯ ಇಲಾಖೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರಿಗೆ ಗಣಿತದ ಹುಚ್ಚು. ಹೊಸ ಪುಸ್ತಕ, ವಿದೇಶಿ ಪತ್ರಿಕೆ ತರಿಸಿ ಓದುವುದು ಒಬ್ಬರ ಸಂಬಳದಲ್ಲಿ ಆಗುವ ಮಾತಲ್ಲ. ಗಣಿತದ ಒಲವಿದ್ದ ಕೆಲವರನ್ನು ಸೇರಿಸಿ ಒಂದು ಕೂಟ ಕಟ್ಟಿದರು. ಅದೇ 1910ರಲ್ಲಿ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ ಎಂಬ ಹೆಸರು ಪಡೆಯಿತು. ಅದಕ್ಕೊಂದು ಪತ್ರಿಕೆಯೂ ಇತ್ತು. ಆ ಪತ್ರಿಕೆಯಲ್ಲಿ ಓದುಗರೇ ಪ್ರಶ್ನೆ ಕೇಳಿ ಓದುಗರೇ ಬಿಡಿಸುವ ಒಂದು ವಿಭಾಗ.

1911ರಲ್ಲಿ ಅಲ್ಲಿಗೆ ಒಂದು ಪ್ರಶ್ನೆ ಬಂತು. √(1+2√(1+3√(1+4√(1+…)))) ಇದರ ಬೆಲೆ ಎಷ್ಟು? ಆರು ತಿಂಗಳು ಕಾದರೂ ಯಾರೂ ಬಿಡಿಸಿ ಕಳಿಸಲಿಲ್ಲ. ಕೊನೆಗೆ ಕೇಳಿದವನೇ ಉತ್ತರ ಕೊಟ್ಟ: 3. ಪೆನ್ಸಿಲ್ ತೆಗೆದುಕೊಂಡು ನೀನೇ ನೋಡು. 3 ಅಂದರೆ √9. ಒಳಗಿನ 9 ಅಂದರೆ 1+2×4. ಆ 4 ಅಂದರೆ √16, 16 ಅಂದರೆ 1+3×5. ಆ 5 ಅಂದರೆ √25, 25 ಅಂದರೆ 1+4×6. ಹೀಗೆ ಎಳೆಯುತ್ತಾ ಹೋದರೆ ಪ್ರಶ್ನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲಿಯವರೆಗೆ ಎಂಟನೇ ಕ್ಲಾಸಿನ ಮಕ್ಕಳೂ ಬರುತ್ತಾರೆ. ಅನಂತದವರೆಗೆ ಎಳೆದಾಗ ಬೆಲೆ ನಿಜಕ್ಕೂ 3ರಲ್ಲೇ ನೆಲೆ ನಿಲ್ಲುತ್ತದೆ ಎಂದು ಸಾಧಿಸುವುದು ನಿನ್ನ ಎಂ.ಎಸ್ಸಿ. ಕೆಲಸ.

ಪ್ರಶ್ನೆ ಕಳಿಸಿದವರು ಯಾರೆಂದು ನಿನಗೆ ಗೊತ್ತು. ರಾಮಾನುಜನ್ ಎಂದ ಕೂಡಲೇ ದೈವದತ್ತ ಪ್ರತಿಭೆ, ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿ ಅನ್ನುತ್ತಾರೆ. ಪ್ರತಿಭೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಹಾರ್ಡಿಗೆ ಕಾಗದ ಬರೆಯುವ ಮೊದಲೇ ಅವರ ಸುತ್ತ ಒಂದಿಷ್ಟು ಏರ್ಪಾಡು ಇತ್ತು. ಪ್ರಶ್ನೆ ಅಚ್ಚು ಮಾಡುವ ಪತ್ರಿಕೆ ಇತ್ತು. ಅವರ ಮೊದಲ ಲೇಖನ ಬಂದದ್ದೂ 1911ರಲ್ಲಿ, ಅದರಲ್ಲೇ. ಕೆಲಸ ಕೇಳಿಕೊಂಡು ಬಂದ ಹುಡುಗನ ನೋಟ್ ಪುಸ್ತಕ ನೋಡಿ ಇವನು ಗುಮಾಸ್ತನಾಗತಕ್ಕವನಲ್ಲ ಎಂದು ಗುರುತಿಸಿದ ಅದೇ ಡೆಪ್ಯುಟಿ ಕಲೆಕ್ಟರ್ ಅಯ್ಯರ್ ಇದ್ದರು. ಒಂದಷ್ಟು ಕಾಲ ತಿಂಗಳಿಗೆ 25 ರೂಪಾಯಿ ಕೈಯಿಂದ ಕೊಟ್ಟ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಇದ್ದರು. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನ ಕೊಟ್ಟಿತು. ಇವರಲ್ಲಿ ಯಾರೂ ರಾಮಾನುಜನ್‌ರನ್ನು ಸೃಷ್ಟಿಸಲಿಲ್ಲ. ಅವರು ಕಳೆದುಹೋಗದಂತೆ ನೋಡಿಕೊಂಡರು, ಅಷ್ಟೆ. ಸೊಸೈಟಿಯ ಆ ಪತ್ರಿಕೆ ಇವತ್ತಿಗೂ ಬರುತ್ತಿದೆ.

ಇದರ ಪಕ್ಕದಲ್ಲಿ ನಮ್ಮದೇ ಇನ್ನೊಂದು ಕಥೆ ಇಡುತ್ತೇನೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ತಮ್ಮ ಸಂಗಡಿಗರೊಂದಿಗೆ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತೆಗೆದರು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು, ಪಂಪಭಾರತವನ್ನು ಸಂಪಾದಿಸಿಕೊಟ್ಟ ಪಂಡಿತರೂ ಹೌದು. ವಿದ್ವತ್ತಿಗೆ, ಉತ್ಸಾಹಕ್ಕೆ ಯಾವ ಕೊರತೆಯೂ ಇರಲಿಲ್ಲ. ಪತ್ರಿಕೆ ಎರಡೇ ವರ್ಷಕ್ಕೆ ನಿಂತಿತು. ಒಂದು ಕೆಲಸ ಶುರು ಮಾಡುವುದಕ್ಕೆ ದೊಡ್ಡ ಮನುಷ್ಯರು ಸಾಕು. ಅದು ನಿಲ್ಲದೆ ನಡೆಯುವುದಕ್ಕೆ ಚಂದಾ ಕಟ್ಟುವವರು, ಪ್ರೂಫ್ ತಿದ್ದುವವರು, ಸರದಿ ಬಂದಾಗ ಹೊರೆ ಹೊರುವವರು ಬೇಕು.

ಭದ್ರಾವತಿಯವಳಿಗೆ ಇದನ್ನು ಬಿಡಿಸಿ ಹೇಳಬೇಕೆ? 1923ರಲ್ಲಿ ನಿಮ್ಮೂರಿನ ಕುಲುಮೆಯಿಂದ ಕಬ್ಬಿಣ ಹರಿಯಿತು. ನಷ್ಟದಲ್ಲಿದ್ದ ಕಾರ್ಖಾನೆಯ ಹೊಣೆಯನ್ನು ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ ವರ್ಷಗಟ್ಟಲೆ ಹೊತ್ತರು. ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನದ ಸುದ್ದಿ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಕಟ್ಟಿದ್ದು ತಾನಾಗಿ ಉಳಿಯುವುದಿಲ್ಲ ಎಂದು ನಿಮ್ಮೂರಿನ ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಕಾರ್ಖಾನೆ ನಿಂತರೆ ಊರಿಗೇ ಕಾಣುತ್ತದೆ. ಒಂದು ಗಣಿತ ವಿಭಾಗ ಸೊರಗಿದರೆ ಇಪ್ಪತ್ತು ವರ್ಷ ಯಾರಿಗೂ ಕಾಣುವುದಿಲ್ಲ.

ಇನ್ನು ದೇಶ ಏನು ಮಾಡುತ್ತಿದೆ ಅನ್ನುವ ಲೆಕ್ಕಕ್ಕೆ ಬರೋಣ. ಸಂಶೋಧನೆಗೆ ನಾವು ಖರ್ಚು ಮಾಡುವುದು ಒಟ್ಟು ದೇಶೀಯ ಉತ್ಪನ್ನದ ಶೇ. 0.64ರ ಆಸುಪಾಸು, 2020–21ರ ಲೆಕ್ಕದಂತೆ. ಚೀನಾದ್ದು ಶೇ. 2ಕ್ಕಿಂತ ಮೇಲೆ. ಇರುವುದರಲ್ಲೇ ದೊಡ್ಡ ಯೋಜನೆಗಳಿಗೆ ದುಡ್ಡು ಹುಟ್ಟುತ್ತದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಗುರುತ್ವ ಅಲೆಗಳನ್ನು ಹಿಡಿಯಲು ಕಟ್ಟುವ ಲೈಗೋ–ಇಂಡಿಯಾಕ್ಕೆ 2023ರಲ್ಲಿ ಸುಮಾರು 2,600 ಕೋಟಿ ರೂಪಾಯಿ ಮಂಜೂರಾಯಿತು. ಅದು ಬೇಕಾದದ್ದೇ, ಹೊಟ್ಟೆಕಿಚ್ಚು ಪಡುವುದು ಬೇಡ. ಆದರೆ ಅಲ್ಲಿ ನಾಳೆ ಕೆಲಸ ಮಾಡುವವರು ಎಲ್ಲಿಂದ ಬರಬೇಕು? ಈ ದೇಶದ ಬಹುಪಾಲು ಮಕ್ಕಳು ಓದುವುದು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ, ಅವುಗಳ ಕೈಕೆಳಗಿನ ಕಾಲೇಜುಗಳಲ್ಲಿ. ನಮ್ಮ ಸಹ್ಯಾದ್ರಿ ಕಾಲೇಜಿನಂಥ, ನಿಮ್ಮೂರಿನ ಸರ್ ಎಂ.ವಿ. ಕಾಲೇಜಿನಂಥ ಕಡೆ. ರಾಜ್ಯದ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ತಿಳಿಯದವರ ಹತ್ತಿರ ಐದು ವರ್ಷದ ಸಂಶೋಧನೆಯ ಮಾತಾಡುವುದು ಹೇಗೆ?

ಹಾಗೆಂದು ಏನೂ ಇಲ್ಲ ಎಂದು ಕೈಚೆಲ್ಲಿ ಕೂರಬೇಡ. ಇರುವುದನ್ನು ಕೇಳಿ ಪಡೆಯದಿರುವುದೇ ನಮ್ಮ ಕಡೆಯವರ ದೊಡ್ಡ ನಷ್ಟ. ಅಣುಶಕ್ತಿ ಇಲಾಖೆ 1983ರಲ್ಲಿ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯನ್ನು ಮಾಡಿತು. ಎಲ್ಲರೂ ಎನ್‌ಬಿಎಚ್‌ಎಂ ಅನ್ನುತ್ತಾರೆ. ಪಿಎಚ್‌.ಡಿ.ಗೆ ಅದರದೇ ಪರೀಕ್ಷೆ, ಅದರದೇ ವಿದ್ಯಾರ್ಥಿವೇತನ. ಸಿಎಸ್‌ಐಆರ್ ನೆಟ್ ಜೊತೆಗೆ ಅದನ್ನೂ ಬರಿ. 1993ರಿಂದ ಪ್ರೊ. ಎಸ್. ಕುಮರೇಶನ್ ನಡೆಸಿಕೊಂಡು ಬಂದ ಎಂಟಿಟಿಎಸ್ ಎಂಬ ಗಣಿತದ ಬೇಸಿಗೆ ಶಿಬಿರ ಇದೆ. ನಾಲ್ಕು ವಾರ ಅಲ್ಲಿ ಮೇಷ್ಟ್ರು ಪಾಠ ಒಪ್ಪಿಸುವುದಿಲ್ಲ, ಪ್ರಶ್ನೆ ಹಾಕಿ ಮಕ್ಕಳ ಬಾಯಿಂದಲೇ ಸಾಧನೆ ಹೊರಡಿಸುತ್ತಾರೆ. ನಿನ್ನ ವಿಭಾಗದ ಕಿರಿಯರಿಗೆ ಇವತ್ತೇ ಇದರ ಸುದ್ದಿ ಮುಟ್ಟಿಸು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡಬಹುದು. 2009ರಲ್ಲಿ ಶುರುವಾದ ಇಂಡಿಯನ್ ವಿಮೆನ್ ಅಂಡ್ ಮ್ಯಾಥಮೆಟಿಕ್ಸ್ ಎಂಬ ಕೂಟ ಹೆಣ್ಣುಮಕ್ಕಳಿಗಾಗಿ ಕಾರ್ಯಾಗಾರ ನಡೆಸುತ್ತದೆ. ಹೆಸರಘಟ್ಟದ ಹತ್ತಿರದ ಸಂಶೋಧನಾ ಕೇಂದ್ರ ಐಸಿಟಿಎಸ್‌ನ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಬಿಟ್ಟಿ ಸಿಗುತ್ತವೆ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿವೆ. ರಾಮಸ್ವಾಮಿ ಅಯ್ಯರ್ ಕಾಲದಲ್ಲಿ ಇದು ಕನಸಿನಲ್ಲೂ ಇರಲಿಲ್ಲ ಮಾರಾಯ್ತಿ! ಗ್ರಂಥಪಾಲಕರ ಬಳಿ ಹೋಗಿ ಇದನ್ನು ಹೇಗೆ ಬಳಸುವುದೆಂದು ಕೇಳಿ ಕಲಿತುಕೋ.

ಭೌತಶಾಸ್ತ್ರ, ಖಗೋಳದ ಗೆಳತಿಯರಿಗೂ ಎರಡು ಮಾತು. ಪ್ರೊ. ಜಯಂತ ನಾರ್ಳೀಕರ್ 1988ರಲ್ಲಿ ಪುಣೆಯಲ್ಲಿ ಕಟ್ಟಿದ ಐಯುಕಾ ಸಂಸ್ಥೆಯ ಉದ್ದೇಶವೇ ವಿಶ್ವವಿದ್ಯಾಲಯಗಳ ಮಕ್ಕಳಿಗೂ ಮೇಷ್ಟ್ರುಗಳಿಗೂ ಖಗೋಳ ವಿಜ್ಞಾನದ ಬಾಗಿಲು ತೆರೆಯುವುದು. ಸಣ್ಣ ಊರಿನ ಅಧ್ಯಾಪಕರು ಅಲ್ಲಿನ ಅಸೋಸಿಯೇಟ್ ಆಗಿ ಆಗಾಗ ಹೋಗಿದ್ದು ಕೆಲಸ ಮಾಡಿ ಬರಬಹುದು. 1984ರಲ್ಲಿ ಡಿ.ಪಿ. ಖಂಡೇಲ್ವಾಲ್ ಹುಟ್ಟುಹಾಕಿದ ಭೌತಶಾಸ್ತ್ರ ಅಧ್ಯಾಪಕರ ಸಂಘ ಐಎಪಿಟಿ ಇನ್ನೂ ಒಳ್ಳೆಯ ಉದಾಹರಣೆ. ಒಲಿಂಪಿಯಾಡ್‌ಗೆ ಮೊದಲ ಮೆಟ್ಟಿಲಾದ ಪರೀಕ್ಷೆಯನ್ನು ದೇಶದ ತುಂಬ ನಡೆಸುವವರು ನನ್ನಂಥ ಕಾಲೇಜು ಮೇಷ್ಟ್ರುಗಳೇ.

ಇಲ್ಲಿಂದಲೇ ಮಾಡಬಹುದಾದ ಸಂಶೋಧನೆಯೂ ಇದೆ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳು ಮತ್ತು ಎಂಟನೆಯ ಸಂಪುಟಗಳು ನಮ್ಮ ಜಿಲ್ಲೆಯವು. ಬಳ್ಳಿಗಾವೆಯ ಕಡೆಯ ಶಾಸನಗಳನ್ನು ತೆಗೆದು ನೋಡು, ಸೂರ್ಯಗ್ರಹಣದ ದಿನ, ಚಂದ್ರಗ್ರಹಣದ ದಿನ, ಸಂಕ್ರಾಂತಿಯ ದಿನ ಕೊಟ್ಟ ದಾನಗಳು ಸಾಲುಸಾಲಾಗಿ ಸಿಗುತ್ತವೆ. ಆ ದಿನ ನಿಜಕ್ಕೂ ಗ್ರಹಣವಿತ್ತೇ, ಇಲ್ಲಿಗೆ ಕಂಡಿತ್ತೇ ಎಂದು ಲೆಕ್ಕ ಹಾಕಿ ನೋಡುವ ವಿದ್ಯೆ ಇದೆ. ಬೆಂಗಳೂರಿನ ತಾರಾಲಯದಲ್ಲಿದ್ದ ಡಾ. ಬಿ.ಎಸ್. ಶೈಲಜಾ ಶಾಸನಗಳಲ್ಲಿನ ಖಗೋಳ ದಾಖಲೆಗಳನ್ನು ಹೀಗೆ ಕಲೆಹಾಕಿದ್ದಾರೆ. ನಮ್ಮ ಸಾಗರದಲ್ಲಿ ಹುಟ್ಟಿದ ಪ್ರೊ. ಎಸ್. ಬಾಲಚಂದ್ರ ರಾವ್ ನಮ್ಮ ಹಳೆಯ ಗ್ರಂಥಗಳ ಗ್ರಹಣ ಗಣಿತವನ್ನು ಇವತ್ತಿನ ಗಣಿತದ ಭಾಷೆಯಲ್ಲಿ ಬಿಡಿಸಿ ಬರೆದಿದ್ದಾರೆ. ಹಳಗನ್ನಡ ಬಲ್ಲ ಒಬ್ಬರು, ಗಣಿತ ಬಲ್ಲ ಒಬ್ಬರು, ಒಂದು ಲ್ಯಾಪ್‌ಟಾಪ್ ಸೇರಿದರೆ ಕೆಲಸ ಶುರು.

ಒಂದು ಎಚ್ಚರಿಕೆ. ದುಡ್ಡು ತೆತ್ತರೆ ವಾರದಲ್ಲಿ ಲೇಖನ ಅಚ್ಚು ಮಾಡುವ ‘ಅಂತಾರಾಷ್ಟ್ರೀಯ’ ಪತ್ರಿಕೆಗಳ ಇ–ಮೇಲ್ ನಿನಗೂ ಬರುತ್ತದೆ. ಹತ್ತಿರ ಸೇರಿಸಬೇಡ. ಪಿಎಚ್‌.ಡಿ.ಗೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದಿದೆ. ನಿಧಾನವಾಗಿ ಒಂದೇ ಒಂದು ಬರಿ, ಅದು ನಿನ್ನದಾಗಿರಲಿ.

ಈಗ ನಿನ್ನ ಪಾಲಿನ ಕೆಲಸ. ಒಂದು ಸೆಮಿನಾರ್ ಶುರು ಮಾಡು. ಶಂಕರಘಟ್ಟದ ಕಷ್ಟ ನನಗೆ ಗೊತ್ತು, ಸಂಜೆಯಾದರೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ, ಬಸ್ಸು ತಪ್ಪಿದರೆ ಊರು ಸೇರುವುದು ಫಜೀತಿ. ಆದ್ದರಿಂದ ಶನಿವಾರ ಬೆಳಿಗ್ಗೆ ಭದ್ರಾವತಿಯಲ್ಲೇ ಇಟ್ಟುಕೊಳ್ಳಿ. ಐದು ಜನ ಸಾಕು. ಒಂದು ಪುಸ್ತಕ ಆರಿಸಿ. ಹರ್ಸ್ಟೈನ್ ಬೀಜಗಣಿತವಾದರೂ ಆಗಲಿ, ಹಾರ್ಡಿ ಮತ್ತು ರೈಟ್ ಬರೆದ ಸಂಖ್ಯಾಸಿದ್ಧಾಂತವಾದರೂ ಆಗಲಿ. ವಾರಕ್ಕೊಬ್ಬರು ಬೋರ್ಡಿನ ಮುಂದೆ ನಿಲ್ಲಬೇಕು, ಚೀಟಿ ನೋಡಬಾರದು. ಕೂತವರು ಪ್ರಶ್ನೆ ಕೇಳದೆ ಏಳಬಾರದು. ಕನ್ನಡದಲ್ಲೇ ಮಾತಾಡಿ, ಸಂಕೇತಗಳು ಹೇಗೂ ಎಲ್ಲರವೂ ಒಂದೇ. ಒಂದು ಹಾಜರಿ ಪುಸ್ತಕದಲ್ಲಿ ಆ ದಿನ ಯಾರು ಏನು ಮಾತಾಡಿದರು, ಯಾವ ಪ್ರಶ್ನೆ ಬಗೆಹರಿಯದೆ ಉಳಿಯಿತು ಎಂದು ಬರೆದಿಡಿ. ಆ ಪುಸ್ತಕ ಬಹಳ ಮುಖ್ಯ, ಯಾಕೆಂದರೆ ನೀನು ಪಿಎಚ್‌.ಡಿ.ಗೆ ಊರು ಬಿಟ್ಟ ಮೇಲೆ ಕಿರಿಯಳೊಬ್ಬಳು ಅದನ್ನು ಹಿಡಿದು ಮುಂದುವರಿಸಬೇಕು. ಹೋಗುವ ಮೊದಲು ಅವಳನ್ನು ಗುರುತಿಸಿ ತಯಾರು ಮಾಡುವ ಜವಾಬ್ದಾರಿ ನಿನ್ನದೇ.

ಮುಂದೊಂದು ದಿನ ನೀನು ಪ್ರಾಧ್ಯಾಪಕಿಯಾಗಿ ಯಾವುದೋ ಸಮಿತಿಯಲ್ಲಿ ಕೂರುತ್ತೀಯ. ಆಗ ಕಟ್ಟಡ, ಉದ್ಘಾಟನೆ, ನಾಮಫಲಕದ ಪ್ರಸ್ತಾವ ಮೇಜಿನ ಮೇಲೆ ಬರುತ್ತದೆ. ನೀನು ಬೇರೆ ಮೂರನ್ನು ಕೇಳು. ಫೆಲೋಶಿಪ್ ತಿಂಗಳು ತಿಂಗಳು ಬರಲಿ, ಆರು ತಿಂಗಳ ಬಾಕಿ ಒಟ್ಟಿಗೆ ಬಂದರೆ ಬಡವರ ಮನೆಯ ಹುಡುಗಿ ಅಷ್ಟರಲ್ಲಿ ಬಿಟ್ಟುಹೋಗಿರುತ್ತಾಳೆ. ಖಾಲಿ ಹುದ್ದೆಗಳು ಖಾಯಂ ಆಗಿ ತುಂಬಲಿ. ಗಣಿತಕ್ಕೆ ಯಂತ್ರ ಬೇಡ, ರೈಲು ಚಾರ್ಜು ಬೇಕು. ಶಂಕರಘಟ್ಟದ ವಿದ್ಯಾರ್ಥಿ ವರ್ಷಕ್ಕೊಮ್ಮೆ ಹೊರಗಿನ ವಿದ್ವಾಂಸರ ಹತ್ತಿರ ಹೋಗಿಬರಲು, ಅವರು ಇಲ್ಲಿಗೆ ಬಂದು ನಾಲ್ಕು ದಿನ ಇರಲು ಒಂದು ಸಣ್ಣ ನಿಧಿ ಪ್ರತಿ ವರ್ಷವೂ ಇರಲಿ. ಒಂದು ವರ್ಷ ಕೋಟಿ ಕೊಟ್ಟು ಮರುವರ್ಷ ಸೊನ್ನೆ ಮಾಡುವುದಕ್ಕಿಂತ ಇಪ್ಪತ್ತು ವರ್ಷ ತಪ್ಪದೆ ಐದು ಲಕ್ಷ ಕೊಡುವುದು ಮೇಲು. ಇದನ್ನು ಆಗ ಗಟ್ಟಿಯಾಗಿ ಹೇಳಬೇಕಾದರೆ ಈಗ ಶನಿವಾರಗಳನ್ನು ತಪ್ಪಿಸಬೇಡ.

ಅಪ್ಪ ಅಮ್ಮನಿಗೆ ಫೆಲೋಶಿಪ್ ಮೊತ್ತ ಹೇಳು: ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ‘ಓದು ಮುಗಿಯುವುದು ಯಾವಾಗ’ ಎಂಬ ಅವರ ಚಿಂತೆ ಅರ್ಧ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ನಾನೇ ಒಂದು ಭಾನುವಾರ ಮನೆಗೆ ಬಂದು ಮಾತಾಡುತ್ತೇನೆ. ಅಷ್ಟರಲ್ಲಿ ಎನ್‌ಬಿಎಚ್‌ಎಂನ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮೂರನ್ನಾದರೂ ಬಿಡಿಸಿಟ್ಟಿರು. ಬಂದಾಗ ನೋಡುತ್ತೇನೆ.

ಇಂತು ನಿನ್ನ ಹಿತೈಷಿ,
ಒಬ್ಬ ನಿವೃತ್ತ ಗಣಿತ ಮೇಷ್ಟ್ರು