ಹಳೆಯ ಸಾರೋಟು ಉಳಿಸಲು ಎಂಟು ಸೂತ್ರಗಳು

ಮೈಸೂರು ಅರಮನೆಯ ಸುತ್ತಮುತ್ತ ಇಂದಿಗೂ ಟಾಂಗಾ, ಸಾರೋಟುಗಳ ಗೊರಸಿನ ಸದ್ದು ಕೇಳುತ್ತದೆ. ಹಳೆಯ ಮನೆಗಳ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತ ಗಾಡಿಗಳೂ ಇವೆ. ಅಂಥದೊಂದು ನಿಮ್ಮ ಪಾಲಿಗೆ ಬಂದರೆ ಹೊಸದು ಮಾಡಲು ಹೊರಡಬೇಡಿ. ಹಳೆಯದನ್ನೇ ಗಟ್ಟಿ ಮಾಡಿ.

1. ಮೊದಲು ನೋಡಿ, ಬರೆದಿಡಿ. ಒರೆಸುವ ಮುನ್ನವೇ ಎಲ್ಲ ಬದಿಯ ಫೋಟೊ ತೆಗೆಯಿರಿ. ಚಕ್ರದ ನಡುವಿನ ಲೋಹದ ಮುಚ್ಚಳದ ಮೇಲೆ ತಯಾರಕರ ಹೆಸರು ಇರುವುದುಂಟು. ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ.

2. ಭಾರ ಇಳಿಸಿ. ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರ ನೆಲ ಬಿಡುವಂತೆ ನಿಲ್ಲಿಸಿ. ಮೂಕಿಗೂ ಆಸರೆ ಇರಲಿ.

3. ಚಕ್ರವನ್ನು ತಟ್ಟಿ ಕೇಳಿ. ಬಿಗಿಯಾದ ಅರ ಟಣ್ಣೆನ್ನುತ್ತದೆ, ಸಡಿಲವಾದದ್ದು ದೊಬ್ಬೆನ್ನುತ್ತದೆ. ಸಡಿಲ ಚಕ್ರವನ್ನು ನೀರಿನಲ್ಲಿ ನೆನೆಹಾಕಬೇಡಿ. ಮರ ಉಬ್ಬಿ ಅಂದಿಗೆ ಬಿಗಿಯಾಗುತ್ತದೆ. ಒಣಗಿದ ಮೇಲೆ ಮೊದಲಿಗಿಂತಲೂ ಸಡಿಲ.

4. ಹಳಿ ಕಟ್ಟಿಸಲು ಬಲ್ಲವರನ್ನೇ ಹುಡುಕಿ. ಕಬ್ಬಿಣದ ಹಳಿಯ ಅಳತೆ ಚಕ್ರಕ್ಕಿಂತ ತುಸು ಕಡಿಮೆ. ಕಾಸಿದಾಗ ಹಿಗ್ಗಿ ಕೂರುತ್ತದೆ, ನೀರೆರೆದಾಗ ಕುಗ್ಗಿ ಇಡೀ ಚಕ್ರವನ್ನು ಬಿಗಿಯುತ್ತದೆ. ಅತಿಯಾಗಿ ಬಿಗಿದರೆ ಅರಗಳೇ ಬಾಗುತ್ತವೆ. ಎತ್ತಿನ ಗಾಡಿಗೆ ಹಳಿ ಕಟ್ಟಿದ ಹಿರಿಯ ಕಮ್ಮಾರರ ಕೈಗೆ ಈ ಲೆಕ್ಕ ಗೊತ್ತು.

5. ಬಣ್ಣ ಕೆರೆಯಬೇಡಿ. ಸೀಟಿನ ಮೆತ್ತೆ ಎತ್ತಿ ನೋಡಿ. ಬಿಸಿಲು ತಾಗದ ಅಂಗೈಯಗಲದ ಜಾಗದಲ್ಲಿ ಮೂಲ ಬಣ್ಣ, ಕೆಲವೊಮ್ಮೆ ಚಿನ್ನದ ಸಣ್ಣ ಗೆರೆ ಉಳಿದಿರುತ್ತದೆ. ಉಪ್ಪುಕಾಗದ ಒಮ್ಮೆ ಆಡಿತೆಂದರೆ ಆ ಸಾಕ್ಷಿ ಮತ್ತೆ ಸಿಗದು.

6. ದೀಪಕ್ಕೆ ಹುಣಸೆಹಣ್ಣು ಬೇಡ. ಹಿತ್ತಾಳೆಯಂತೆ ಕಂಡರೂ ಮೇಲೆ ಬೆಳ್ಳಿಯ ತೆಳು ಲೇಪ ಇದ್ದೀತು. ಹುಳಿ ಹಾಕಿ ಉಜ್ಜಿದಷ್ಟೂ ಅದು ಸವೆಯುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು.

7. ಗಾಳಿಯಾಡಲಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಂತು ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಹತ್ತಿ ಬಟ್ಟೆ ಹೊದಿಸಿ. ಗಾಡಿಯ ಕೆಳಗೆ ನುಣ್ಣನೆಯ ಮರದ ಪುಡಿ ಉದುರಿದ್ದರೆ ಹುಳು ಹೊಕ್ಕಿದೆ ಎಂದೇ ತಿಳಿಯಿರಿ. ಅಂದೇ ಚಿಕಿತ್ಸೆ ಮಾಡಿಸಿ.

8. ಓಡಿಸುತ್ತೀರೋ, ನಿಲ್ಲಿಸಿಡುತ್ತೀರೋ ನಿರ್ಧರಿಸಿ. ಓಡಿಸುವುದಾದರೆ ಬಿರುಕು ಬಿಟ್ಟ ಮೂಕಿ, ಸವೆದ ಅಚ್ಚು ಬದಲಾಗಲೇಬೇಕು. ಕುದುರೆ ಮತ್ತು ಕೂತವರ ಜೀವದ ಪ್ರಶ್ನೆ ಅದು. ಕಳಚಿದ ಭಾಗವನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿ. ಹೊಸ ಮರದ ಒಳಬದಿಯಲ್ಲಿ ಇಸವಿ ಕೊರೆಸಿ. ಮುಂದೊಂದು ದಿನ ಇದೇ ಮೆತ್ತೆ ಎತ್ತಿ ನೋಡುವವರಿಗೆ ಹಿಂದಿನವರ ಕೆಲಸ ಯಾವುದು, ನಿಮ್ಮದು ಯಾವುದು ಎಂಬುದು ತಿಳಿಯಲಿ.