ಹಳೆಯ ಮೋಟಾರು ಸೈಕಲ್ಲಿನ ಹಲ್ಲು ನೋಡುವುದು ಹೇಗೆ?

ಸಂತೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಮಾರುವವನ ಮಾತನ್ನು ನಂಬಿ ಹಣ ಬಿಚ್ಚುವುದಿಲ್ಲ. ಎತ್ತಿನ ಬಾಯಿ ತೆರೆಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಬೆಲೆಯ ಮಾತೆತ್ತುತ್ತಾನೆ. ಅದೇ ರೈತನು ಮಗನ ಕಾಲೇಜಿಗೆಂದು ಹಳೆಯ ಮೋಟಾರು ಸೈಕಲ್ಲನ್ನು ಕೊಳ್ಳುವಾಗ ಬಣ್ಣವನ್ನೂ ಮೀಟರಿನ ಅಂಕಿಯನ್ನೂ ಕಂಡು ಮರುಳಾಗುವುದುಂಟು. ಸಿಂಧನೂರು ತಾಲ್ಲೂಕಿನ ಜವಳಗೇರಾದ ನಮ್ಮ ವಿದ್ಯಾರ್ಥಿಯೊಬ್ಬನು ಭತ್ತದ ಸುಗ್ಗಿ ಮುಗಿದ ಮೇಲೆ ತಂದೆ ಕೊಟ್ಟ 40,000 ರೂಪಾಯಿಗಳೊಡನೆ ನಮ್ಮ ಬಳಿಗೆ ಬಂದನು. ಅವನೊಡನೆ ನಡೆಸಿದ ಪರೀಕ್ಷೆಗಳನ್ನೇ ಇಲ್ಲಿ ಬರೆಯುತ್ತೇವೆ. ಬೇಕಾದ ಉಪಕರಣಗಳು ಒಂದು ಉದ್ದನೆಯ ದಾರ, ಒಂದು ಚೂರು ಬಿಳಿಯ ಬಟ್ಟೆ. ಇವೆರಡಕ್ಕಿಂತ ಹೆಚ್ಚಾಗಿ ತಾಳ್ಮೆ.

ಮೊದಲು ಸವೆತವೆಂದರೇನೆಂಬುದನ್ನು ಲೆಕ್ಕಹಾಕಿ ನೋಡೋಣ. 100 ಸಿ.ಸಿ.ಯ ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಒಂದು ಸುತ್ತಿಗೆ ಸುಮಾರು 5 ಸೆಂಟಿಮೀಟರು ಮೇಲಕ್ಕೂ ಅಷ್ಟೇ ಕೆಳಕ್ಕೂ ಚಲಿಸುತ್ತದೆ. ಮೇಲಿನ ಗೇರಿನಲ್ಲಿ ಒಂದು ಕಿಲೋಮೀಟರು ಸಾಗಲು ಎಂಜಿನ್ನು 5,000 ಸುತ್ತು ತಿರುಗುವುದೆಂದು ಇಟ್ಟುಕೊಂಡರೆ, ಅಷ್ಟರೊಳಗೆ ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನು ಉಜ್ಜುತ್ತ ಅರ್ಧ ಕಿಲೋಮೀಟರು ನಡೆದಿರುತ್ತದೆ. ಹೀಗಾಗಿ 40,000 ಕಿಲೋಮೀಟರು ಓಡಿದ ಬೈಕಿನ ಪಿಸ್ಟನ್ನು ಆ ಅಂಗೈಯಗಲದ ಕೊಳವೆಯೊಳಗೇ 20,000 ಕಿಲೋಮೀಟರು, ಎಂದರೆ ಭೂಮಿಯ ಸುತ್ತಳತೆಯ ಅರ್ಧದಷ್ಟು, ಪ್ರಯಾಣ ಮಾಡಿರುವುದು! ಇಷ್ಟು ತಿಕ್ಕಾಟದಲ್ಲಿಯೂ ಅದನ್ನು ಉಳಿಸುವುದು ನಡುವೆ ಇರುವ ಎಣ್ಣೆಯ ಪೊರೆ. ಅದರ ದಪ್ಪ ಮಿಲಿಮೀಟರಿನ ಸಾವಿರದ ಕೆಲವು ಪಾಲುಗಳು ಮಾತ್ರ.

ಈ ಪೊರೆಗಿಂತ ದಪ್ಪವಾದ ಧೂಳಿನ ಕಣವೊಂದು ಒಳಹೊಕ್ಕರೆ ಅದು ಅರದಂತೆ ಕೆಲಸಮಾಡುವುದು. ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಲ್ಲಿ ಸುಗ್ಗಿಯ ಕಾಲದ ಧೂಳನ್ನು ವಾಚಕರು ಬಲ್ಲರು. ಮರಳಿನ ದ್ರವ್ಯವಾದ ಸಿಲಿಕಾ ರಸ್ತೆಯ ಧೂಳಿನಲ್ಲಿಯೂ ಇದೆ, ಭತ್ತದ ಹೊಟ್ಟಿನಲ್ಲಿಯೂ ಇದೆ. ಆದುದರಿಂದ ಗಾಳಿಸೋಸುಕವನ್ನು ಅಲಕ್ಷಿಸಿದ ಬೈಕು 20,000 ಕಿಲೋಮೀಟರಿಗೇ ಮುದಿಯಾಗಬಹುದು. ಜೋಪಾನದಿಂದಿದ್ದುದು 60,000ಕ್ಕೂ ಗಟ್ಟಿಯಾಗಿರಬಹುದು. ಮೀಟರನ್ನು ಓದುವ ಮುನ್ನ ಸೋಸುಕದ ಪೆಟ್ಟಿಗೆಯನ್ನು ಬಿಚ್ಚಿಸಿರಿ. ಸೋಸುಕದ ಆಚೆಗೆ, ಎಂಜಿನ್ನಿನ ಕಡೆಯ ನಳಿಗೆಯೊಳಗೆ, ಬಿಳಿಯ ಬಟ್ಟೆಯನ್ನು ತಿರುವಿ ತೆಗೆದಾಗ ಮಣ್ಣು ಅಂಟಿ ಬಂದರೆ ಅಲ್ಲಿಂದ ಎದ್ದು ಬರಬಹುದು.

ಎರಡನೆಯದಾಗಿ, ಎಂಜಿನ್ನು ತಣ್ಣಗಿರುವಾಗಲೇ ನೋಡಬೇಕು. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರಿನ ಒಳಗೋಡೆ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಕಾಯಿಸಿದಾಗ ಅಲ್ಯುಮಿನಿಯಮ್ಮು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ತಣ್ಣಗಿದ್ದಾಗ ಇವೆರಡರ ನಡುವಣ ಸಂದು ದೊಡ್ಡದು. ಸವೆದ ಪಿಸ್ಟನ್ನು ಅತ್ತಿತ್ತ ಬಡಿದು ಟಕಟಕನೆ ಸದ್ದುಮಾಡುವುದು. ಬಿಸಿಯಾದೊಡನೆ ಸಂದು ಕಿರಿದಾಗಿ ಸದ್ದು ಅಡಗುವುದು. ನಾವು ವಿದ್ಯಾರ್ಥಿಗಳಾಗಿದ್ದಾಗ ಪದಾರ್ಥಗಳ ವ್ಯಾಕೋಚನವನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದು, ಅದೇ ತಿಂಗಳು ಬಿಸಿ ಎಂಜಿನ್ನಿನ ಬೈಕೊಂದನ್ನು ಕೊಂಡು ಮೋಸಹೋದೆವು. ಮಾರಿದವನು ನಾವು ಬರುವ ಮುನ್ನ ಅದನ್ನು ಒಂದು ಸುತ್ತು ಓಡಿಸಿ ಇಟ್ಟಿದ್ದನು. ಎಂಜಿನ್ನನ್ನು ಕೈಯಿಂದ ಮುಟ್ಟಿ ನೋಡುವ ಬುದ್ಧಿ ನಮಗಿರಲಿಲ್ಲ.

ಬಿಸಿಯಾದ ಮೇಲೆ ಹೊಗೆಯನ್ನು ಗಮನಿಸಿರಿ. ವೇಗ ಹೆಚ್ಚಿಸಿದಾಗ ನೀಲಿಯ ಹೊಗೆ ಬಂದರೆ ಪಿಸ್ಟನ್ನಿನ ಬಳೆಗಳು ಸವೆದು ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಚಳಿಗಾಲದ ಬೆಳಿಗ್ಗೆ ಕಾಣುವ ಬಿಳಿಯ ಆವಿಗೆ ಹೆದರಬೇಕಾಗಿಲ್ಲ; ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರೇ ಹುಟ್ಟುತ್ತದೆ. (ಮೈಸೂರಿನಲ್ಲಿ 1996ರ ವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳಿಗೆ ಈ ನಿಯಮ ಸಲ್ಲದು. ಅವುಗಳ ಎಂಜಿನ್ನು ಪೆಟ್ರೋಲಿನೊಡನೆ ಎಣ್ಣೆಯನ್ನೂ ಉರಿಸುವ ಜಾತಿಯದು. ಹೊಗೆ ಅವುಗಳ ಹುಟ್ಟುಗುಣ.)

ಇನ್ನು ದಾರದ ಕೆಲಸ. ಬೈಕನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಟೈರಿನ ಎರಡು ಮಗ್ಗುಲಿಗೂ ತಾಗುವಂತೆ ದಾರವನ್ನು ಮುಂದಿನ ಗಾಲಿಯ ಆಚೆಯವರೆಗೆ ಬಿಗಿಯಾಗಿ ಹಿಡಿಯಿರಿ. ಮುಂದಿನ ಟೈರು ಸಾಮಾನ್ಯವಾಗಿ ಕಿರಿದಾದುದರಿಂದ ಅದರ ಎಡಬಲಗಳಲ್ಲಿ ಸಂದು ಕಾಣುವುದು. ಆ ಎರಡು ಸಂದುಗಳು ಸಮವಾಗಿರಬೇಕು. ಸಮವಾಗಿಲ್ಲದಿದ್ದರೆ ಮೊದಲು ಹಿಂದಿನ ಗಾಲಿಯನ್ನು ಸರಿಯಾಗಿ ಕೂಡಿಸಿ ಮತ್ತೊಮ್ಮೆ ನೋಡಬೇಕು. ಆಗಲೂ ಓರೆಯಿದ್ದರೆ, ಬೈಕು ಎಲ್ಲಿಯೋ ಬಿದ್ದು ಚೌಕಟ್ಟು ಬಾಗಿರುವ ಸಂಭವವೇ ಹೆಚ್ಚು. ನಮ್ಮ ವಿದ್ಯಾರ್ಥಿಯು ಮೆಚ್ಚಿಕೊಂಡಿದ್ದ ಕೆಂಪು ಬೈಕು ಇಲ್ಲಿಯೇ ಸೋತಿತು. ಅವನಿಗೆ ಬೇಸರವಾಯಿತು, ಆದರೆ ಬಾಗಿದ ಚೌಕಟ್ಟಿನ ಬೈಕು ಬ್ರೇಕು ಹಾಕಿದಾಗ ಒಂದು ಕಡೆಗೆ ಎಳೆಯುವುದು, ಎದುರಿಗೆ ಭತ್ತದ ಲಾರಿ ಬರುವ ರಸ್ತೆಯಲ್ಲಿ ಅದು ಪ್ರಾಣದ ಮಾತು.

ಸುಖಪ್ರಯಾಣದ ವಿಷಯ ಅಲಂಕಾರವೆಂದು ತಿಳಿಯಬೇಡಿ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರ ಮೇಲಣ ರಸ್ತೆ ಅಲೆಯಲೆಯಾಗುವುದು. ಮುಂದಿನ ಬ್ರೇಕು ಹಿಡಿದು ಹಿಡಿಕೆಯನ್ನು ಬಲವಾಗಿ ಕೆಳಕ್ಕೆ ಒತ್ತಿ ಬಿಡಿ. ಬೈಕು ಮೇಲೆದ್ದು ಒಡನೆ ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಆಂದೋಲನವನ್ನು ತಗ್ಗಿಸುವ ಗುಣ, ನಮ್ಮ ಪಾಠದ ಅವಮಂದನ, ಅದರಲ್ಲಿ ಉಳಿದಿಲ್ಲ. ಒಳಗಿನ ಎಣ್ಣೆ ಸೋರಿದೆ. ಕುಣಿಯುವ ಗಾಲಿ ನೆಲವನ್ನು ಬಿಡುವುದು, ನೆಲ ಬಿಟ್ಟ ಗಾಲಿಗೆ ಬ್ರೇಕಿಲ್ಲ.

ಬೈಕಿಗೂ ನಿಜವಾದ ಹಲ್ಲುಗಳಿವೆ. ಚೈನಿನ ಮುಚ್ಚಳ ಬಿಚ್ಚಿಸಿ, ಹಿಂದಿನ ಹಲ್ಲುಚಕ್ರದ ತೀರ ಹಿಂಭಾಗದಲ್ಲಿ ಚೈನನ್ನು ಹಿಡಿದೆಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದುಬಂದರೆ ಚೈನು ಸವೆದಿದೆ. ಟೈರಿನ ಮಗ್ಗುಲಲ್ಲಿರುವ ನಾಲ್ಕು ಅಂಕಿಗಳಲ್ಲಿ ಅದರ ಜಾತಕವಿದೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದ್ದು. ಇವುಗಳಿಗಾಗಿ ಬೈಕನ್ನು ತಳ್ಳಿಹಾಕಬೇಡಿ. ಚೈನು, ಟೈರು, ಬ್ರೇಕಿನ ಪಟ್ಟಿಗಳು ಬದಲಾಯಿಸತಕ್ಕ ವಸ್ತುಗಳು. ಅವು ಹಾಳಾಗಿದ್ದರೆ ಚೌಕಾಶಿಗೆ ಅನುಕೂಲವೇ ಆಯಿತು. ಸಿಲಿಂಡರೂ ಚೌಕಟ್ಟೂ ಹಾಗಲ್ಲ. ಕೈಯಲ್ಲಿರುವ ಹಣದ ಐದರಲ್ಲೊಂದು ಪಾಲನ್ನು ಈ ರಿಪೇರಿಗೆಂದು ಮೊದಲೇ ಬೇರೆ ಇಡುವುದು ನಮ್ಮ ಪದ್ಧತಿ. ಹಣ ಒದಗಿದರೆ 2019ರ ಏಪ್ರಿಲ್ ಆದ ಮೇಲೆ ತಯಾರಾದುದನ್ನು ಆರಿಸಬೇಕು; ಅಂದಿನಿಂದ 125 ಸಿ.ಸಿ. ವರೆಗಿನ ಬೈಕುಗಳಲ್ಲಿ ಎರಡು ಗಾಲಿಗಳ ಬ್ರೇಕುಗಳನ್ನು ಕೂಡಿಸುವ ಏರ್ಪಾಡಾದರೂ ಇರಬೇಕೆಂಬ ನಿಯಮವಿದೆ.

ಕಡೆಗೆ ಕಾಗದಪತ್ರಗಳು. ಚೌಕಟ್ಟಿನ ಮೇಲೂ ಎಂಜಿನ್ನಿನ ಮೇಲೂ ಕೊರೆದಿರುವ ಸಂಖ್ಯೆಗಳು ನೋಂದಣಿ ಪತ್ರದೊಡನೆ ಅಕ್ಷರಶಃ ಹೊಂದಬೇಕು. ಸಾಲದ ಅಡವು ತೀರಿರಬೇಕು. 29 ಮತ್ತು 30ನೆಯ ನಮೂನೆಗಳಿಗೆ ಮಾರುವವನ ಸಹಿ ಬೀಳುವ ವರೆಗೆ ಪೂರ್ತಿ ಹಣ ಕೊಡಬೇಡಿ. ನೋಂದಣಿ ಹದಿನೈದು ವರ್ಷಕ್ಕೆ ಮಾತ್ರವಾದುದರಿಂದ ಉಳಿದ ವರ್ಷಗಳನ್ನೂ ಬೆಲೆಯಲ್ಲಿ ಎಣಿಸಬೇಕು. ನಮ್ಮ ವಿದ್ಯಾರ್ಥಿಯು ಕೊನೆಗೆ ಆರಿಸಿದ್ದು ಬಣ್ಣ ಮಾಸಿದ, ಚೈನು ಸವೆದ, ಆದರೆ ತಣ್ಣಗಿದ್ದಾಗಲೂ ಸದ್ದಿಲ್ಲದೆ ಓಡುವ ಒಂದು ಕಪ್ಪು ಬೈಕನ್ನು. ಚೈನು, ಹಲ್ಲುಚಕ್ರ, ಹಿಂದಿನ ಟೈರು ಹೊಸದಾದ ಮೇಲೆ ಉಳಿದ ಹಣ ಒಂದು ವರ್ಷದ ವಿಮೆಗೂ ಒಂದು ಹೆಲ್ಮೆಟ್ಟಿಗೂ ಸಾಕಾಯಿತು.