ಮನಸ್ಸಿನ ಕಾಯಿಲೆ: ಬರೆದಿಡಿ, ಡಾಕ್ಟರಿಗೆ ತೋರಿಸಿ

ಬೆಂಗಳೂರಿನ ಬಸವೇಶ್ವರನಗರದ ನಮ್ಮ ದೊಡ್ಡಮ್ಮನ ಅಡುಗೆಮನೆಯಲ್ಲಿ ವರ್ಷವಿಡೀ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲವೂ ಅದರಲ್ಲೇ. ಒಂದು ವರ್ಷ ಮಗನ ನಿದ್ದೆಯ ಲೆಕ್ಕವೂ ಅಲ್ಲಿ ಸೇರಿತು: ‘2 ಗಂಟೆ’, ‘ಮಲಗಲೇ ಇಲ್ಲ’, ‘ಮಲಗಲೇ ಇಲ್ಲ’, ‘ಹೊಸ ಬೈಕಿಗೆ ಅಡ್ವಾನ್ಸ್ ಕೊಟ್ಟ’. ಆರು ತಿಂಗಳ ಮೇಲೆ ಅವನು ಹಾಸಿಗೆ ಬಿಟ್ಟು ಏಳದಂತಾದಾಗ ನಾವೆಲ್ಲ ಖಿನ್ನತೆ ಎಂದುಕೊಂಡೆವು. ಮನೋವೈದ್ಯರು ಆ ಹಳೆಯ ಹಾಳೆ ನೋಡಿ ಬಹಳ ಹೊತ್ತು ವಿಚಾರಿಸಿದರು. ಕೊನೆಗೆ ತಿಳಿದದ್ದು: ಅದು ಬೈಪೋಲಾರ್, ಅಂದರೆ ಕೆಲವು ಕಾಲ ಅತಿ ಹುರುಪು (ಉನ್ಮಾದ), ಕೆಲವು ಕಾಲ ಖಿನ್ನತೆ ಬರುವ ಕಾಯಿಲೆ. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮತ್ತೆ ಉನ್ಮಾದಕ್ಕೆ ತಿರುಗುವ ಅಪಾಯವಿದೆ.

ಸಕ್ಕರೆ ಕಾಯಿಲೆಯಂತೆ ಮನಸ್ಸಿನ ಕಾಯಿಲೆಗಳನ್ನು ಒಂದು ರಕ್ತಪರೀಕ್ಷೆಯಲ್ಲಿ ಕಂಡುಹಿಡಿಯಲು ಆಗುವುದಿಲ್ಲ. ರೋಗಿ ಹೇಳಿದ್ದು, ಮನೆಯವರು ಕಂಡದ್ದು, ವೈದ್ಯರು ಗಮನಿಸಿದ್ದು, ಈ ಮೂರರಿಂದಲೇ ರೋಗದ ಗುರುತು. ಹಾಗಾಗಿ ಚಿಕಿತ್ಸೆಯ ಮೊದಲ ಕೆಲಸ ಮನೆಯಲ್ಲೇ ಶುರುವಾಗುತ್ತದೆ.

1. ಬದಲಾವಣೆ ಗುರುತಿಸಿ

ಖಿನ್ನತೆ: ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ–ಹಸಿವಿನಲ್ಲಿ ಏರುಪೇರು. ನಮ್ಮಲ್ಲಿ ಅನೇಕರು ‘ಬೇಜಾರು’ ಎನ್ನುವುದಿಲ್ಲ. ತಲೆನೋವು, ಮೈಕೈ ನೋವು, ಸುಸ್ತು ಎನ್ನುತ್ತಾರೆ.

ಆತಂಕ: ಕಾರಣವಿಲ್ಲದೆ ಭಯ, ಎದೆ ಡವಡವ, ಬೆವರು. ಎದೆನೋವಿದ್ದರೆ ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಿ.

ಗೀಳು: ಹಾಕಿದ ಬೀಗ ನೋಡಲು ಬಸ್‌ಸ್ಟಾಪಿನಿಂದ ಮತ್ತೆ ಮತ್ತೆ ಮನೆಗೆ ಬರುವುದು, ಚರ್ಮ ಬಿರಿಯುವಷ್ಟು ಕೈ ತೊಳೆಯುವುದು. ಬೇಡವೆಂದರೂ ನಿಲ್ಲದ ಯೋಚನೆ ಇದರ ಬೇರು.

ಬೈಪೋಲಾರ್: ಕೆಲವು ಕಾಲ ನಿದ್ದೆಯೇ ಬೇಡದ ಹುರುಪು, ಅತಿಯಾದ ಮಾತು, ಕೈಮೀರಿದ ಖರ್ಚು, ಇನ್ನು ಕೆಲವು ಕಾಲ ಖಿನ್ನತೆ.

ಸ್ಕಿಜೋಫ್ರೇನಿಯಾ: ಯಾರೂ ಇಲ್ಲದಾಗ ಧ್ವನಿ ಕೇಳಿಸುವುದು, ಊಟಕ್ಕೆ ವಿಷ ಹಾಕಿದ್ದಾರೆಂಬಂಥ ಗಟ್ಟಿ ಅನುಮಾನ, ತನ್ನ ಪಾಡಿಗೆ ತಾನು ಒಳಗೆ ಕೂತುಬಿಡುವುದು.

2. ನಾಲ್ಕು ಸಂಗತಿ ಬರೆದಿಡಿ

ನಿದ್ದೆ, ಊಟ, ಕೆಲಸ, ಮಾತು. ದಿನಕ್ಕೆ ಒಂದು ಸಾಲು ಸಾಕು. ಜೊತೆಗೆ ಯಾವಾಗ ಶುರುವಾಯಿತು, ಈಗ ನುಂಗುತ್ತಿರುವ ಮಾತ್ರೆಗಳು, ಕುಡಿತ, ಹತ್ತಿರದ ನೆಂಟರಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ ಎಂಬುದನ್ನೂ ಬರೆಯಿರಿ. ಕದ್ದುಮುಚ್ಚಿ ಬರೆಯಬೇಡಿ. ‘ಡಾಕ್ಟರಿಗೆ ಹೇಳೋಕೆ ಬರೀತಿದ್ದೀನಿ ಕಣೋ, ತಪ್ಪಿದ್ರೆ ಹೇಳು’ ಎಂದು ದೊಡ್ಡಮ್ಮ ಮಗನಿಗೇ ತೋರಿಸುತ್ತಿದ್ದರು. ಬರೆಯುವುದು ಮುಗಿಯಲಿ ಎಂದು ವೈದ್ಯರ ಭೇಟಿಯನ್ನು ಮುಂದೂಡಬೇಡಿ.

3. ತಪ್ಪು ಹುಡುಕಬೇಡಿ

ವಂಶವಾಹಿ, ಮಿದುಳಿನ ರಾಸಾಯನಿಕಗಳ ವ್ಯತ್ಯಾಸ, ಬಾಲ್ಯದ ಪೆಟ್ಟು, ಸಾಲ, ಸಾವು, ಮದ್ಯ, ಗಾಂಜಾ ಇವುಗಳಲ್ಲಿ ಹಲವು ಕೂಡಿ ಕಾಯಿಲೆ ಬರುತ್ತದೆ. ಥೈರಾಯ್ಡ್ ಕೊರತೆ, ಬಿ12 ಕೊರತೆಯೂ ಖಿನ್ನತೆಯಂತೆ ಕಾಣಿಸಬಹುದು. ವೈದ್ಯರು ರಕ್ತ ಪರೀಕ್ಷೆ ಬರೆಯುವುದು ಇದಕ್ಕೇ. ಮನಸ್ಸು ಗಟ್ಟಿ ಮಾಡ್ಕೋ ಎಂದರೆ ವಾಸಿಯಾಗುವುದಿಲ್ಲ. ಹರಕೆ, ಪೂಜೆ ಧೈರ್ಯ ಕೊಡುವುದಾದರೆ ಇರಲಿ, ಔಷಧಿ ನಿಲ್ಲದಿರಲಿ.

4. ಎಲ್ಲಿಗೆ ಹೋಗಬೇಕು?

ಮನೆಯಿಂದಲೇ ಶುರು ಮಾಡುವುದಾದರೆ ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ಭಾಗದಲ್ಲಿ ಇಎಸ್‌ಐ ಕಾರ್ಡ್ ಇರುವ ಗಾರ್ಮೆಂಟ್ಸ್, ಕಾರ್ಖಾನೆ ನೌಕರರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರ.

ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗುವವರು ಕೆಂಗೇರಿ, ವಿಜಯನಗರದಿಂದ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಲಾಲ್‌ಬಾಗ್‌ನಲ್ಲಿ ಇಳಿಯಬಹುದು, ಅಲ್ಲಿಂದ ಆಟೊ. ರಾಜಾಜಿನಗರದವರಿಗೆ ಹಸಿರು ಮಾರ್ಗವೇ ನೇರ. ಮೊದಲ ದಿನ ವಿವರವಾಗಿ ವಿಚಾರಿಸುತ್ತಾರೆ, ಇಡೀ ದಿನ ಬಿಡುವು ಮಾಡಿಕೊಂಡು ಬೆಳಿಗ್ಗೆ ಬೇಗ ಹೋಗಿ. ಆಧಾರ್, ಹಳೆಯ ಚೀಟಿಗಳು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಕೈಯಲ್ಲಿರಲಿ. ನೀವು ಬರೆದ ಹಾಳೆ ಮರೆಯಬೇಡಿ.

ಔಷಧಿ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಹಲವರಿಗೆ ಇಬ್ಬರೂ ಬೇಕಾಗುತ್ತಾರೆ.

5. ಚಿಕಿತ್ಸೆಗೆ ಸಮಯ ಕೊಡಿ

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವುದು, ಮಂಪರು ಮೊದಲೇ ಬರಬಹುದು. ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡುವ ಬದಲು ವೈದ್ಯರಿಗೆ ಫೋನ್ ಮಾಡಿ. ಹುಷಾರಾದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ. ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರು ಕಾಲಕಾಲಕ್ಕೆ ರಕ್ತದಲ್ಲಿ ಅದರ ಮಟ್ಟ ನೋಡಿಸಲೇಬೇಕು. ಗೀಳಿಗೆ, ಆತಂಕಕ್ಕೆ ಮಾತಿನ ಚಿಕಿತ್ಸೆ ಬಹಳ ಉಪಯುಕ್ತ.

6. ತುರ್ತು ಸಂದರ್ಭ

‘ಬದುಕಿದ್ದೇನು ಪ್ರಯೋಜನ’ ಎಂದು ಯಾರಾದರೂ ಹೇಳಿದರೆ ಹತ್ತಿರ ಕೂತು ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಒಬ್ಬರನ್ನೇ ಬಿಡಬೇಡಿ. ಮಾತ್ರೆ, ಕೀಟನಾಶಕ ಕೈಗೆ ಸಿಗದಂತೆ ಇಡಿ. 14416ಕ್ಕೆ ಕರೆ ಮಾಡಿ. ಅಪಾಯ ಕಂಡರೆ 108 ಅಥವಾ 112. ನಿಮ್ಹಾನ್ಸ್ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ.

7. ಹಕ್ಕು ತಿಳಿದಿರಲಿ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು. ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಒದಗಿಸಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಹೋಗಲು ತಡಮಾಡಬೇಡಿ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು ಶೇ 10ರಷ್ಟು ಮಂದಿಗೆ ಮನಸ್ಸಿನ ಕಾಯಿಲೆ ಕಂಡುಬಂತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಸಿಕ್ಕಿತು. ಈಗ ಕ್ಯಾಲೆಂಡರ್‌ನಲ್ಲಿ ನಿದ್ದೆಯ ಲೆಕ್ಕ ಬರೆಯುವವನು ಅವನೇ. ಎರಡು ರಾತ್ರಿ ನಿದ್ದೆ ಕಡಿಮೆಯಾದರೆ, ಮನೆಯವರು ಹೇಳುವ ಮೊದಲೇ ಡಾಕ್ಟರಿಗೆ ಫೋನ್ ಮಾಡುತ್ತಾನೆ.